ಕಾರ್ಮಿಕರ ಖಾನಾವಳಿಯ ಚರಿತ್ರೆ ಬರೆಯುವುದು ಹೇಗೆ

ಕಲಬುರಗಿಯ ಮೆಹಬೂಬ್ ಶಾಹಿ ಮಿಲ್ಲು, ಶಹಾಬಾದ್ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳ ಬಗ್ಗೆ ಬರಹಗಳು ಸಿಗುತ್ತವೆ. ಅಲ್ಲಿ ಪಾಳಿ ಮುಗಿಸಿದವರು ತಿಂಗಳ ಲೆಕ್ಕದಲ್ಲಿ ಉಂಡು, ಅಲ್ಲೇ ಹಾಸಿಗೆ ಬಿಚ್ಚಿದ ಖಾನಾವಳಿಗಳ ಬಗ್ಗೆ ಬರೆದವರು ಕಡಿಮೆ. ಬರೆಯಲು ಹೊರಟವರು ಮೊದಲು ತಿಳಿಯಬೇಕಾದ್ದು ಒಂದು: ಮನೆಯ ಮಾಲೀಕರು ಬೇರೆ, ಖಾನಾವಳಿ ನಡೆಸಿದವರು ಬೇರೆ ಇರಬಹುದು. ಬಾಡಿಗೆ ಮನೆಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ ಮನೆ ಕೈ ಬದಲಿಸಿದ್ದು ಕಾಣುತ್ತದೆ, ಒಲೆ ಹೊತ್ತಿಸಿದವರ ಹೆಸರು ಕಾಣುವುದಿಲ್ಲ. ಬರೀ ಆ ಕಾಗದ ಹಿಡಿದು ಬರೆದರೆ ಅದು ಆಸ್ತಿಯ ಚರಿತ್ರೆಯಾದೀತು.

ಆದ್ದರಿಂದ ಮತದಾರರ ಹಳೆಯ ಪಟ್ಟಿ ಹುಡುಕಿ. ಒಂದೇ ಮನೆ ನಂಬರಿನ ಕೆಳಗೆ ಬೇರೆ ಬೇರೆ ತಂದೆಯರ ಹೆಸರಿನ ಎಂಟು ಹತ್ತು ಗಂಡಸರಿದ್ದರೆ ಅದು ಖಾನಾವಳಿಯೋ ಬಾಡಿಗೆ ಕೋಣೆಗಳ ಚಾಳೋ ಇರುವ ಸಂಭವ ಹೆಚ್ಚು. ಊರಲ್ಲೇ ಮತ ಉಳಿಸಿಕೊಂಡವರು ಇಲ್ಲಿ ಸಿಗುವುದಿಲ್ಲ, ಹಾಗಾಗಿ ಇದನ್ನು ತಲೆ ಲೆಕ್ಕಕ್ಕೆ ಬಳಸಬೇಡಿ. ನಗರಸಭೆ ಮನೆ ನಂಬರು ಬದಲಿಸಿದ್ದರೆ ಹಳೇ ನಂಬರು, ಹೊಸ ನಂಬರು ಎರಡೂ ಇರುವ ತೆರಿಗೆ ವಹಿ ಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಅರ್ಜಿಯಲ್ಲಿ "ನಕಲು ಕೊಡಿ" ಎಂದಷ್ಟೇ ಬರೆಯದೆ "ವಹಿ ಪರಿಶೀಲನೆಗೆ ಅವಕಾಶ ಕೊಡಿ" ಎಂದೂ ಸೇರಿಸಿ. ಯಾವ ಪುಟ ಬೇಕೆಂಬುದು ವಹಿ ನೋಡಿದ ಮೇಲೇ ತಿಳಿಯುವುದು.

1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸೀಮೆ, ಆ ತಿಂಗಳ ಪೊಲೀಸ್ ಆ್ಯಕ್ಷನ್ ಆದ ಮೇಲೆ ಭಾರತದ್ದು. ಆ ಕಾಲದ ಕಾಗದ ಉರ್ದುವಿನಲ್ಲಿರಬಹುದು, ಬೀದರ್ ಕಡೆ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯೂ ಸಿಕ್ಕೀತು. ತಾರೀಖು ನಿಜಾಮ ಸರ್ಕಾರದ ಕಂದಾಯ ವರ್ಷವಾದ ಫಸಲಿಯಲ್ಲಿದ್ದರೆ 590 ಕೂಡಿಸಿ: ಫಸಲಿ 1350 ಅಂದರೆ 1940ರ ಅಕ್ಟೋಬರ್‌ನಿಂದ 1941ರ ಅಕ್ಟೋಬರ್‌ವರೆಗೆ. ವರ್ಷದ ಮೊದಲ ತಿಂಗಳು ಆಜರ್. ಜನವರಿ 1ರಿಂದ ಮುಂದಿನ ತಾರೀಖಿಗೆ 591 ಕೂಡಿಸದಿದ್ದರೆ ಇಡೀ ಒಂದು ವರ್ಷ ತಪ್ಪುತ್ತದೆ. ಮುಸ್ಲಿಮರ ಚಾಂದ್ರಮಾನ ವರ್ಷವಾದ ಹಿಜರಿಯನ್ನು ಫಸಲಿ ಎಂದು ಓದಿದರಂತೂ ತಪ್ಪು ಇನ್ನೂ ದೊಡ್ಡದು. ತಿಂಗಳ ಹೆಸರು ರಮಜಾನ್, ಮೊಹರಂ ಎಂದಿದ್ದರೆ ಹಿಜರಿ. ಬಹಮನ್, ಖುರ್ದಾದ್ ಎಂದಿದ್ದರೆ ಫಸಲಿ. ಹಣದಲ್ಲೂ ಎರಡು ಬಗೆ. ನಿಜಾಮರದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. ಸುಮಾರು 7 ಹಾಲಿಗೆ 6 ಕಲ್ದಾರ್. ಹಾಗಾಗಿ ಬ್ರಿಟಿಷ್ ಸೀಮೆಯ ಸೊಲ್ಲಾಪುರದ ಗಿರಣಿಯಿಂದ ಬಂದವರ ಪಗಾರವನ್ನೂ ಇಲ್ಲಿಯ ಊಟದ ದರವನ್ನೂ ನೇರವಾಗಿ ಹೋಲಿಸಬೇಡಿ. ಉರ್ದು ಜಮಾಖರ್ಚಿನಲ್ಲಿ ಮೊತ್ತವನ್ನು ಅಂಕಿಯ ಬದಲು ಸಿಯಾಖ್ ಎಂಬ ಸಂಕೇತಗಳಲ್ಲಿ ಬರೆಯುವ ರೂಢಿಯಿತ್ತು. ಉರ್ದು ಓದಬಲ್ಲ ಎಲ್ಲರಿಗೂ ಅದು ಬರುವುದಿಲ್ಲ. ಹಳೆಯ ಲೆಕ್ಕ ಬಲ್ಲ ಹಿರಿಯರನ್ನೇ ಹುಡುಕಿ. ನಿಜಾಮ ಸರ್ಕಾರದ ಕಡತಗಳಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು.

ಇನ್ನು ಉದ್ರಿ ವಹಿ. ಖಾನಾವಳಿಯಿಂದ ಸಿಗಬಹುದಾದ ಕಾಗದಗಳಲ್ಲಿ ಇದಕ್ಕಿಂತ ದೊಡ್ಡ ಆಸ್ತಿಯಿಲ್ಲ. ಯಾರು ಯಾವಾಗ ಬಂದರು, ಯಾವಾಗ ಊರಿಗೆ ಹೋದರು, ಮುಷ್ಕರದ ತಿಂಗಳು ಎಷ್ಟು ಬಾಕಿ ಬೆಳೆಯಿತು, ಎಲ್ಲ ಅದರೊಳಗಿರುತ್ತದೆ. ಮಿಂಚುಬೆಳಕು ಹಾಕದೆ, ಕಿಟಕಿ ಬೆಳಕಿನಲ್ಲಿ ಒಂದು ಫೋಟೊಕ್ಕೆ ಒಂದೇ ಪುಟ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ, ಬಿಟ್ಟರೆ ಕ್ರಮ ತಪ್ಪುತ್ತದೆ. ಹರಿದ ಹಾಳೆಗೆ ಸೆಲ್ಲೊ ಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನು ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿದ ಹಾಳೆಯನ್ನು ಮತ್ತೆ ಬಿಡಿಸಲಾಗದು. ಸಾಲಗಾರರ ಹೆಸರು ಅಚ್ಚಿಗೆ ಬೇಡ. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿರಬಹುದು.

ವಹಿಯಲ್ಲಿ ತಲೆ ಲೆಕ್ಕ ಇಲ್ಲದೆ ಬರೀ ಜೋಳದ ಖರೀದಿ ಇದ್ದರೂ ದಾರಿ ಉಂಟು. ಒಂದು ಕಿಲೊ ಹಿಟ್ಟಿಗೆ 10-12 ರೊಟ್ಟಿ. ದುಡಿಯುವವರು ಹೊತ್ತಿಗೆ 3-4 ರೊಟ್ಟಿ ಉಂಡರೆ ಎರಡು ಹೊತ್ತು ಸೇರಿ ದಿನಕ್ಕೆ ಸುಮಾರು 650 ಗ್ರಾಂ ಹಿಟ್ಟು. ಹಾಗಾದರೆ 100 ಕಿಲೊದ ಚೀಲ 30 ಜನಕ್ಕೆ ಐದು ದಿನ. ಇದು ಅಂದಾಜು ಮಾತ್ರ: ಅನ್ನದ ದಿನ, ಕಾರ್ಖಾನೆಗೆ ಹೋದ ಬುತ್ತಿ, ಬಂದುಹೋಗುವ ಗಿರಾಕಿ, ಮೂರನ್ನೂ ಕೇಳಿ ತಿದ್ದಿಕೊಳ್ಳಿ. ಹಳೆಯ ಲೆಕ್ಕ ಸೇರಿನಲ್ಲಿದ್ದರೆ ಅಳತೆಯ ಸೇರೋ ತೂಕದ ಸೇರೋ ನೋಡಿ. 80 ತೊಲದ ತೂಕದ ಸೇರು ಸುಮಾರು 933 ಗ್ರಾಂ.

ಕಟ್ಟಡ ನಿಂತಿದ್ದರೆ ಅಳೆದು ನಕ್ಷೆ ಬರೆಯಿರಿ. ಗಚ್ಚಿನ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದ್ ಫರ್ಸಿ, ಆಮೇಲೆ ಹಾಕಿದ ತಗಡಿನ ಪತ್ರಾ, ಸ್ಲ್ಯಾಬ್: ಯಾವ ಭಾಗ ಮೊದಲಿನದು, ಯಾವುದು ಆಮೇಲಿನದು ಎಂದು ಇವು ತೋರಿಸುತ್ತವೆ. ಇಸವಿಯನ್ನು ಮಾತ್ರ ಇವುಗಳಿಂದ ಹೇಳಬೇಡಿ, ಹಳೆ ಫರ್ಸಿ ಕಿತ್ತು ಹೊಸ ಕೋಣೆಗೆ ಹಾಸುವುದು ಇಲ್ಲಿ ಮಾಮೂಲು. ಗೋಡೆಯ ಗೂಟ, ಗೂಡುಗಳನ್ನು ಎಣಿಸಿ. ಹಾಸಿಗೆ ಜಾಗಕ್ಕಿಂತ ಗೂಟ ಹೆಚ್ಚಿದ್ದರೆ ರಾತ್ರಿ ಪಾಳಿಯವರು ಎದ್ದ ಜಾಗದಲ್ಲೇ ಹಗಲು ಪಾಳಿಯವರು ಮಲಗುತ್ತಿದ್ದರೇ ಎಂದು ಕೇಳಿ.

ಕೇಳುವಾಗ "ಯಾವ ಇಸವಿ?" ಎನ್ನಬೇಡಿ. "ಪೊಲೀಸ್ ಆ್ಯಕ್ಷನ್ ಮೊದಲೋ ಆಮೇಲೋ? 72ರ ಬರದಾಗ ಒಲೆ ಹತ್ತಿತ್ತೇನ್ರಿ? ಕಿಲ್ಲಾರಿ ಭೂಕಂಪ ಆದಾಗ ಇಲ್ಲೇ ಇದ್ರೇನ್ರಿ?" ಎಂದರೆ ನೆನಪು ತಾನಾಗಿ ಬಿಚ್ಚುತ್ತದೆ. ಕಿಲ್ಲಾರಿಯದು 1993ರ ಸೆಪ್ಟೆಂಬರ್ 30ರ ನಸುಕು. ಮಾಲೀಕರ ಮಗನಿಗಿಂತ ಮೊದಲು ರೊಟ್ಟಿ ಬಡಿದ ತಾಯಂದಿರ ಬಳಿ ಹೋಗಿ. ಯಾವ ಪಾಳಿಗೆ ಎಷ್ಟು ತಾಟು ಎಂಬುದು ಅವರ ಕೈಗೆ ಗೊತ್ತು. ಯಾರಿಗೆ ಒಳಗೆ ಪಂಕ್ತಿ, ಯಾರಿಗೆ ಹೊರಗೆ ತಾಟು, ಯಾರಿಗೆ ಊಟವೇ ಇರಲಿಲ್ಲ ಎಂಬುದನ್ನೂ ಕೇಳಲೇಬೇಕು. ನಾಲ್ಕು ಜನರ ಮುಂದೆ ಕೇಳಿದರೆ "ಎಲ್ಲರೂ ಕೂಡೇ ಉಣ್ಣುತ್ತಿದ್ದರು" ಎಂಬ ಮಾತೇ ಬರುತ್ತದೆ. ಒಬ್ಬೊಬ್ಬರನ್ನೇ ಅವರವರ ಮನೆಯಲ್ಲಿ ಕೇಳಿ, ಬಾಗಿಲಿನಿಂದ ಆಚೆ ಉಳಿದವರ ಮನೆಗೂ ಹೋಗಿ. ಎರಡು ಮಾತು ಕೂಡದಿದ್ದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಎಂಬುದರ ಜೊತೆಗೆ.