ಒತ್ತಕ್ಷರ ಕತ್ತರಿಸಿ ನೋಡಿ, ಆಮೇಲೆ ಮಷಿನ್ ಕೊಳ್ಳಿ

ಸ್ಟಿಕ್ಕರ್ ಕಟಿಂಗ್ ಮಷಿನ್ ನೋಡಲು ಹೋದಾಗ ಡೀಲರ್ ಸಾಮಾನ್ಯವಾಗಿ ಕತ್ತರಿಸಿ ತೋರಿಸುವುದು ಇಂಗ್ಲಿಷ್ ಅಕ್ಷರಗಳನ್ನು. ದೊಡ್ಡದಾಗಿ, ನೇರ ಗೆರೆಗಳಲ್ಲಿ. ಅದನ್ನು ಅಗ್ಗದ ಮಷಿನ್ ಕೂಡ ಚೆನ್ನಾಗಿಯೇ ಕತ್ತರಿಸುತ್ತದೆ. ಆದರೆ ನಾಳೆ ನಿಮ್ಮ ಅಂಗಡಿಗೆ ಬರುವ ಗಿರಾಕಿಗೆ ಬೇಕಿರುವುದು ಕನ್ನಡ ಬೋರ್ಡು. 2024ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡದಲ್ಲೇ ಇರಬೇಕು. ದುಂಡು ಅಕ್ಷರ, ಅದರ ಕೆಳಗೆ ಪುಟ್ಟ ಒತ್ತು. ಮಷಿನ್‌ನ ನಿಜವಾದ ಪರೀಕ್ಷೆ ಇರುವುದು ಅಲ್ಲೇ.

ಮೊದಲು ನಿಮ್ಮ ಕೆಲಸ ಯಾವುದು ನೋಡಿ

ಮುಂದಿನ ಒಂದು ವರ್ಷ ಏನೇನು ಕತ್ತರಿಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಂಬರ್ ಪ್ಲೇಟ್ ರೇಡಿಯಂ ಕೆಲಸವನ್ನೇ ನಂಬಿ ಮಷಿನ್ ಕೊಳ್ಳಬೇಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಜೊತೆಗೇ ಬರುತ್ತಿವೆ, ಹಳೆಯ ಗಾಡಿಗಳಿಗೂ ಅದು ಕಡ್ಡಾಯ. ಅಂಗಡಿ ಬೋರ್ಡು, ಗಾಜಿನ ಬಾಗಿಲಿನ ಫ್ರಾಸ್ಟೆಡ್ ಫಿಲ್ಮ್, ಆಟೋ ಮತ್ತು ಟೆಂಪೋ ಮೇಲಿನ ಹೆಸರು, ಶಾಲೆ-ಆಸ್ಪತ್ರೆಯ ಸೂಚನಾ ಫಲಕ, ಇವೇ ಈಗ ನಂಬಬಹುದಾದ ಕೆಲಸಗಳು.

ಇವುಗಳಲ್ಲಿ ಹೆಚ್ಚಿನದಕ್ಕೆ 24 ಇಂಚಿನ ಮಷಿನ್ ಸಾಕು. ಎರಡು ಅಡಿಯ ರೋಲ್ ಸುಲಭವಾಗಿ ಸಿಗುತ್ತದೆ. ದೊಡ್ಡ ಅಕ್ಷರ ಬಂದರೆ ಎರಡು ತುಂಡು ಮಾಡಿ ಸೇರಿಸಬಹುದು. ಗಾಜಿನ ಕೆಲಸ ಜಾಸ್ತಿ ಇದ್ದರೆ ಮಾತ್ರ ನಾಲ್ಕು ಅಡಿಯದ್ದು ಯೋಚಿಸಿ, ಯಾಕೆಂದರೆ ಅಲ್ಲಿ ಜೋಡಣೆಯ ಗೆರೆ ಬಿಸಿಲಿಗೆ ಎದ್ದು ಕಾಣುತ್ತದೆ. ಮನೆಬಳಕೆಯ 12 ಇಂಚಿನ ಪುಟ್ಟ ಮಷಿನ್ ಅಂಗಡಿಗೆ ಸಾಲದು. ಲೇಸರ್ ಮಷಿನ್ ಇದ್ದರೂ ಅದರಲ್ಲಿ ವಿನೈಲ್ (ಸ್ಟಿಕ್ಕರ್ ಹಾಳೆ) ಹಾಕಲೇಬೇಡಿ. ವಿನೈಲ್ ಎಂದರೆ ಪಿವಿಸಿ ಪ್ಲಾಸ್ಟಿಕ್. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನ್‌ಗೂ ಕೆಟ್ಟದ್ದು.

ಮೋಟಾರು ಮತ್ತು ಒತ್ತಡ

ಮಷಿನ್ ಒಳಗಿನ ಮೋಟಾರು ಎರಡು ಬಗೆ, ಸ್ಟೆಪ್ಪರ್ ಮತ್ತು ಸರ್ವೊ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ಪರ್ ಇರುತ್ತದೆ. ಸ್ಟೆಪ್ಪರ್ ಗುರ್ ಎಂದು ಸದ್ದು ಮಾಡುತ್ತಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಯುತ್ತದೆ. ಸರ್ವೊ ತಾನು ಎಲ್ಲಿದ್ದೇನೆ ಎಂದು ಅಳೆಯುತ್ತಲೇ ಓಡುತ್ತದೆ, ಸದ್ದೂ ಕಡಿಮೆ. ದುಂಡು ಅಕ್ಷರಕ್ಕೆ ಸರ್ವೊ ಎಷ್ಟೋ ವಾಸಿ. ಜಪಾನಿನ ರೋಲ್ಯಾಂಡ್, ಗ್ರಾಫ್‌ಟೆಕ್, ಬೆಲ್ಜಿಯಂನ ಸುಮ್ಮಾ ಹೆಸರು ಮಾಡಿರುವುದು ಈ ನಯವಾದ ಗೆರೆಗೇ. ಬೆಲೆ ಜಾಸ್ತಿ, ನಿಜ. ದಿನವಿಡೀ ಕಟಿಂಗ್ ಇರುವ ಅಂಗಡಿಗೆ ಆ ದುಡ್ಡು ದಂಡವಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬ್ಲೇಡ್ ಒತ್ತುವ ಬಲವನ್ನು ಗ್ರಾಂನಲ್ಲಿ ಹೇಳುತ್ತಾರೆ. ಸಾಧಾರಣ ಬಣ್ಣದ ವಿನೈಲ್‌ಗೆ 100 ಗ್ರಾಂ ಆಸುಪಾಸು ಸಾಕು. ನಾವು ರೇಡಿಯಂ ಎಂದು ಕರೆಯುವ ಹೊಳೆಯುವ ಹಾಳೆಗೆ ಇನ್ನೂ ಜಾಸ್ತಿ ಬೇಕು. ಅದರೊಳಗಿನ ಗಾಜಿನ ಸಣ್ಣ ಮಣಿಗಳು ಬ್ಲೇಡನ್ನು ಬೇಗ ಮೊಂಡು ಮಾಡುತ್ತವೆ. ಹಾಗಾಗಿ 350 ಗ್ರಾಂ ಅಥವಾ ಅದಕ್ಕಿಂತ ಮೇಲಿನ ಮಷಿನ್ ನೋಡಿ. ಬ್ಲೇಡ್ ಸಾಧಾರಣ ಹಾಳೆಗೆ 45 ಡಿಗ್ರಿ, ದಪ್ಪ ಹಾಳೆಗೆ 60 ಡಿಗ್ರಿ.

ಡೆಮೊ ನಿಮ್ಮದಾಗಿರಲಿ

ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಫೈಲ್ ಒಯ್ಯಿರಿ. ‘ಶ್ರೀ ಕೃಷ್ಣ ಎಲೆಕ್ಟ್ರಿಕಲ್ಸ್’ ಎಂಬಂಥ ಹೆಸರು ಒಳ್ಳೆಯದು. ಅದರಲ್ಲಿ ‘ಕ್ಟ್ರಿ’ ಇದೆ, ‘ಷ್ಣ’ ಇದೆ, ‘ಕೃ’ ಇದೆ. ಒಮ್ಮೆ ನಾಲ್ಕು ಇಂಚು ಎತ್ತರ, ಇನ್ನೊಮ್ಮೆ ಒಂದೇ ಇಂಚು ಎತ್ತರ ಕತ್ತರಿಸಲು ಹೇಳಿ.

ಒಂದು ವಿಷಯ ಮರೆಯಬೇಡಿ. ನುಡಿ ತಂತ್ರಾಂಶದಂಥ ಕನ್ನಡ ಫಾಂಟ್‌ಗಳಲ್ಲಿ ಗುಣಿತ, ಒತ್ತು ಎಲ್ಲ ಬೇರೆ ಬೇರೆ ತುಂಡುಗಳು, ಒಂದರ ಮೇಲೊಂದು ಕೂತಿರುತ್ತವೆ. ಹಾಗೇ ಕಳಿಸಿದರೆ ಬ್ಲೇಡ್ ಅಕ್ಷರದ ನಡುವೆಯೇ ಗೆರೆ ಕೊಯ್ಯುತ್ತದೆ. ಡಿಸೈನ್ ಸಾಫ್ಟ್‌ವೇರ್ ಆದ ಕೋರೆಲ್‌ಡ್ರಾದಲ್ಲಿ ಕರ್ವ್ ಮಾಡಿ (ಅಕ್ಷರವನ್ನು ಗೆರೆಯ ಆಕಾರವಾಗಿಸಿ), ವೆಲ್ಡ್ ಮಾಡಿಯೇ (ತುಂಡುಗಳನ್ನು ಒಂದಾಗಿ ಬೆಸೆದೇ) ಕಳಿಸಿ. ಇದು ಮಷಿನ್‌ನ ತಪ್ಪಲ್ಲ, ಆದರೆ ಎಷ್ಟೋ ಜನ ಮಷಿನ್‌ಗೆ ಬೈಯುತ್ತಾರೆ.

ಕತ್ತರಿಸಿದ ಮೇಲೆ ಸುತ್ತಲಿನ ಹಾಳೆಯನ್ನು ನೀವೇ ಕಿತ್ತು ನೋಡಿ. ಪುಟ್ಟ ಒತ್ತು ಕೆಳಗಿನ ಕಾಗದದ ಮೇಲೇ ಉಳಿಯಬೇಕು, ಹಾಳೆಯ ಜೊತೆ ಎದ್ದು ಬರಬಾರದು. ದುಂಡಿನ ಶುರು ಮತ್ತು ಕೊನೆ ಒಂದೇ ಜಾಗದಲ್ಲಿ ಸೇರಿವೆಯಾ? ಬ್ಲೇಡಿನ ತುದಿ ಅದರ ನಡುಗಂಬಕ್ಕಿಂತ ಕೂದಲೆಳೆಯಷ್ಟು, ಸುಮಾರು 0.25 ಮಿ.ಮೀ., ಹಿಂದೆ ಇರುತ್ತದೆ. ಈ ಅಂತರವನ್ನು ಮಷಿನ್‌ಗೆ ಸರಿಯಾಗಿ ಹೇಳದಿದ್ದರೆ ದುಂಡು ಮುಚ್ಚುವುದಿಲ್ಲ, ಮೂಲೆ ಮೊಂಡಾಗುತ್ತದೆ. ಸರಿಮಾಡಿಯೂ ಸೇರದಿದ್ದರೆ ಆ ಮಷಿನ್ ಬಿಟ್ಟುಬಿಡಿ. ಕೆಳಗಿನ ಕಾಗದವನ್ನೂ ಬೆಳಕಿಗೆ ಹಿಡಿಯಿರಿ. ಗೆರೆ ಮೂಡಿರಬೇಕು, ಕಾಗದ ತೂತಾಗಿರಬಾರದು.

ಆಮೇಲೆ ಬ್ಲೇಡ್ ತೆಗೆದು ಪೆನ್ ಹಾಕಿಸಿ. 500 ಮಿ.ಮೀ. ಚೌಕ ಬರೆಸಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ 707 ಬರಬೇಕು. ಕೊನೆಗೆ ಮೂರು ಮೀಟರ್ ಉದ್ದದ ಗೆರೆ ಬರೆಸಿ, ಅದರ ಮೇಲೇ ಮತ್ತೊಮ್ಮೆ ಬರೆಸಿ. ಒಂದೇ ಗೆರೆ ಕಂಡರೆ ರೋಲರ್‌ಗಳ ಹಿಡಿತ ಚೆನ್ನಾಗಿದೆ. ಎರಡು ಕಂಡರೆ ಹಾಳೆ ಜಾರುತ್ತಿದೆ ಎಂದರ್ಥ. ಉದ್ದದ ಬೋರ್ಡಿನಲ್ಲಿ ಮುಂದೆ ಇದೇ ನಿಮ್ಮನ್ನು ಕಾಡುತ್ತದೆ.

ದುಡ್ಡು ಕೊಡುವ ಮುನ್ನ

ಪ್ರಿಂಟ್ ಆದ ಸ್ಟಿಕ್ಕರ್‌ಗಳನ್ನು ಸುತ್ತ ಕತ್ತರಿಸುವ ಯೋಚನೆ ಇದ್ದರೆ ಹಾಳೆಯ ಮೇಲೆ ಪ್ರಿಂಟ್ ಆದ ಗುರುತು ಓದುವ ಸೆನ್ಸರ್ ಇರುವ ಮಷಿನ್ನೇ ಬೇಕು, ಆಮೇಲೆ ಅದನ್ನು ಸುಲಭವಾಗಿ ಸೇರಿಸಲು ಆಗುವುದಿಲ್ಲ. ಅಂಗಡಿಯ ಅರ್ಥಿಂಗ್ ಸರಿಮಾಡಿಸಿ. ವಿನೈಲ್ ಉಜ್ಜಿದಾಗ ಹುಟ್ಟುವ ಸ್ಥಿರವಿದ್ಯುತ್ತಿನಿಂದ ಕೆಲಸದ ನಡುವೆ ಯುಎಸ್‌ಬಿ ಸಂಪರ್ಕ ಕಡಿದು, ಅರ್ಧ ಕತ್ತರಿಸಿದ ಬೋರ್ಡು ವ್ಯರ್ಥವಾಗುವುದುಂಟು. ಬ್ಲೇಡ್, ಬ್ಲೇಡಿನ ಕೆಳಗಿನ ಬಿಳಿ ಪಟ್ಟಿ, ಹಾಳೆಯನ್ನು ಒತ್ತಿ ಹಿಡಿಯುವ ಪಿಂಚ್ ರೋಲರ್, ಈ ಮೂರೂ ನಿಮ್ಮ ಊರಿಗೆ ಎಷ್ಟು ದಿನದಲ್ಲಿ ಬರುತ್ತವೆ ಎಂದು ಕೇಳಿ, ಉತ್ತರವನ್ನು ಜಿಎಸ್‌ಟಿ ಬಿಲ್ ಜೊತೆ ಬರೆಸಿಕೊಳ್ಳಿ.

ಡೆಮೊದಲ್ಲಿ ಕತ್ತರಿಸಿದ ತುಂಡನ್ನು ಎಸೆಯದೆ ಮನೆಗೆ ತನ್ನಿ. ಮಷಿನ್ ಕೂರಿಸಲು ಹುಡುಗರು ಬಂದ ದಿನ ನಿಮ್ಮ ಕಂಪ್ಯೂಟರಿನಿಂದಲೇ ಅದೇ ಹೆಸರನ್ನು ಮತ್ತೊಮ್ಮೆ ಕತ್ತರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು, ‘ಕ್ಟ್ರಿ’ ಎರಡರಲ್ಲೂ ಒಂದೇ ಥರ ಇದೆಯಾ ನೋಡಿ. ಆಮೇಲೆ ಅವರ ಕಾಗದಕ್ಕೆ ಸಹಿ ಹಾಕಿ.