ಮೆಸೇಜಿಂಗ್ ಸರ್ವರ್‌ನ ಸರ್ವಿಸ್ ಅಕೌಂಟ್‌ಗೆ ಎಷ್ಟು ಅಧಿಕಾರ ಕೊಡಬೇಕು?

ನಾನು ನೋಡಿಕೊಳ್ಳುವ ವಿಂಡೋಸ್ ಡೊಮೇನ್‌ನಲ್ಲಿ (ಒಂದೇ ಕಡೆಯಿಂದ ನಿರ್ವಹಿಸುವ ಕಂಪ್ಯೂಟರ್‌ಗಳ ಜಾಲ) ಮೆಸೇಜಿಂಗ್ ಸರ್ವರ್‌ನ ಸರ್ವಿಸ್ ಅಕೌಂಟ್, ಅಂದರೆ ಆ ಪ್ರೋಗ್ರಾಂ ಓಡುವ ಖಾತೆ, ಇಡೀ ಡೊಮೇನ್ ಮೇಲೆ ಅಧಿಕಾರವಿರುವ ಡೊಮೇನ್ ಅಡ್ಮಿನ್ಸ್ ಗುಂಪಿನಲ್ಲಿತ್ತು. ಇನ್‌ಸ್ಟಾಲ್ ಮಾಡುವಾಗ ಸೇರಿಸಿದ್ದು, ಆಮೇಲೆ ಯಾರೂ ತೆಗೆದಿರಲಿಲ್ಲ. ಆ ಒಂದು ಸರ್ವರ್ ಕಳ್ಳರ ಕೈಗೆ ಸಿಕ್ಕರೆ ಇಡೀ ಡೊಮೇನ್ ಹೋದಂತೆ, ಅಲ್ವಾ?

ಹಾಗಂತ ಸುಮ್ನೆ ಕಿತ್ತುಹಾಕಬೇಡಿ. ನಿಜಕ್ಕೂ ಏನು ಬೇಕು, ಮೊದಲು ನೋಡಿ. ನಮ್ಮದಕ್ಕೆ ಬೇಕಿದ್ದದ್ದು ಮೂರೇ: ‘ಲಾಗ್ ಆನ್ ಆಸ್ ಎ ಸರ್ವಿಸ್’ (ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುವ) ಹಕ್ಕು, ತನ್ನ ಡೇಟಾ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ, ಡೊಮೇನ್‌ನ ಖಾತೆಗಳ ಪಟ್ಟಿಯಾದ ಡೈರೆಕ್ಟರಿಯಲ್ಲಿ ಹೆಸರುಗಳನ್ನು ಓದುವುದು. ಓದೋದಕ್ಕೆ ಸಾಮಾನ್ಯ ಡೊಮೇನ್ ಯೂಸರ್‌ಗಿರುವ ಹಕ್ಕೇ ಸಾಕಾಯಿತು.

ಇವನ್ನು ಕೊಟ್ಟ ಮೇಲೆ ಗುಂಪಿನಿಂದ ತೆಗೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ಅಲ್ಲಿಯವರೆಗೆ ಹಳೆಯ ಟೋಕನ್‌ನ (ಲಾಗಿನ್ ಆದಾಗ ಸಿಕ್ಕ ಅಧಿಕಾರಗಳ ದಾಖಲೆ) ಅಧಿಕಾರವೇ ನಡೆಯುತ್ತದೆ. ಡೊಮೇನ್‌ನ ಕಂಪ್ಯೂಟರ್‌ಗಳಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಈ ಅಕೌಂಟ್‌ಗೆ ರಿಮೋಟ್ ಡೆಸ್ಕ್‌ಟಾಪ್ ಲಾಗಿನ್ ಕೂಡ ತಡೆಯಿರಿ. ಕೆಲವು ದಿನ ಸೆಕ್ಯುರಿಟಿ ಲಾಗ್ ನೋಡುತ್ತಿರಿ. ಅದರಲ್ಲಿ ಈವೆಂಟ್ ಸಂಖ್ಯೆ 4625 ಕಂಡರೆ ಎಲ್ಲೋ ಲಾಗಿನ್ ಆಗುತ್ತಿಲ್ಲ ಎಂದರ್ಥ.