3389 ಮುಚ್ಚಿಟ್ಟೇ ಆಫೀಸಿನ ಡೆಸ್ಕ್‌ಟಾಪ್ ತಲುಪುವುದು

ಮನೆಯಿಂದ ಆಫೀಸಿನ ಕಂಪ್ಯೂಟರ್ ಬಳಸಬೇಕು ಅಂತ ಯಾರೇ ಬಂದರೂ ನಾನು ಮೊದಲು ನೋಡುವುದು ಫೈರ್‌ವಾಲ್‌ನಲ್ಲಿ (ನೆಟ್‌ವರ್ಕಿನ ಕಾವಲು) 3389 ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಹೊರಗಡೆಗೆ ತೆರೆದಿದೆಯಾ ಅಂತ. ತೆರೆದಿದ್ದರೆ ಮೊದಲು ಮುಚ್ಚುತ್ತೇನೆ, ಮಾತೆಲ್ಲ ಆಮೇಲೆ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಕೂರುವ ಪೋರ್ಟ್ ಅದೇ ಅಂತ ಲೋಕಕ್ಕೆಲ್ಲ ಗೊತ್ತು. ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲೂ ರಾತ್ರಿ ಅಲ್ಲೇ ತಟ್ಟುತ್ತಿರುತ್ತವೆ. 2019ರಲ್ಲಿ ಬಯಲಾದ ರಿಮೋಟ್ ಡೆಸ್ಕ್‌ಟಾಪಿನ ಬ್ಲೂಕೀಪ್ ದೋಷದಲ್ಲಿ ಒಳನುಗ್ಗಲು ಪಾಸ್‌ವರ್ಡಿನ ಅಗತ್ಯವೂ ಇರಲಿಲ್ಲ. ‘ಪೋರ್ಟ್ ನಂಬರ್ ಬದಲಾಯಿಸಿದ್ದೀನಿ ಸಾರ್’ ಅನ್ನುವವರೂ ಇದ್ದಾರೆ. ಸ್ಕ್ಯಾನರ್‌ಗಳು ಎಲ್ಲ ಪೋರ್ಟನ್ನೂ ತಡಕುತ್ತವೆ, ಅದು ಸುಮ್ನೆ ಮನಸ್ಸಿನ ಸಮಾಧಾನ.

ಮುಂದೆ ಒಂದು ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಗುಪ್ತವಾಗಿ ಆಫೀಸಿಗೆ ಜೋಡಿಸುವ ಟನೆಲ್) ಇಡಿ. ನನ್ನ ಆಯ್ಕೆ ವೈರ್‌ಗಾರ್ಡ್. ಫೈರ್‌ವಾಲ್‌ನಲ್ಲಿ ಒಂದೇ ಯುಡಿಪಿ ಪೋರ್ಟ್ ಸಾಕು (ಯುಡಿಪಿ, ಟಿಸಿಪಿ ಡೇಟಾ ಕಳಿಸುವ ಎರಡು ವಿಧಾನ), ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಸ್ಕ್ಯಾನ್ ಮಾಡುವವರಿಗೆ ಅಲ್ಲೇನಿದೆ ಅಂತಲೇ ತಿಳಿಯದು. ಕೀ ಜೋಡಿಯನ್ನು (ಗುಟ್ಟಾಗಿಡುವ ಪ್ರೈವೇಟ್ ಕೀ, ಹೊರಗೆ ಕೊಡುವ ಪಬ್ಲಿಕ್ ಕೀ) ಬಳಸುವ ಲ್ಯಾಪ್‌ಟಾಪಿನಲ್ಲೇ ಮಾಡಿ, ಪಬ್ಲಿಕ್ ಕೀ ಮಾತ್ರ ಸರ್ವರಿಗೆ ಕೊಡಿ. ಒಂದು ಸಾಧನಕ್ಕೆ ಒಂದು ಕೀ. ಲ್ಯಾಪ್‌ಟಾಪ್ ಕಳೆದುಹೋದರೆ ಅದೊಂದನ್ನು ಅಳಿಸಿದರಾಯಿತು.

ಜಾಸ್ತಿ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲ್ಯಾಪ್‌ಟಾಪಿನ ಕಾನ್ಫಿಗ್‌ನಲ್ಲಿ ‘ಅಲೌಡ್ ಐಪೀಸ್’ (ಯಾವ ವಿಳಾಸಗಳಿಗೆ ವಿಪಿಎನ್ ಮೂಲಕ ಹೋಗಬೇಕು ಅನ್ನುವ ಸಾಲು) ಎದುರು ಆಫೀಸಿನ ಒಂದೇ ಕಂಪ್ಯೂಟರಿನ ವಿಳಾಸ ಬರೆದು, ಮನೆಯಿಂದ ಬಳಸುವವರು ಬೇರೆಲ್ಲೂ ಹೋಗಲಾರರು ಅಂದುಕೊಳ್ಳುತ್ತಾರೆ. ಆ ಸಾಲು ಇರುವುದು ಅವರ ಲ್ಯಾಪ್‌ಟಾಪಿನಲ್ಲಿ, ಅಲ್ವಾ? ಅವರೇ ತಿದ್ದಬಹುದು. ತಡೆ ಇರಬೇಕಾದ್ದು ಆಫೀಸಿನ ಕಡೆ. 10.8.0.2ರಿಂದ (ವಿಪಿಎನ್‌ನಲ್ಲಿ ಲ್ಯಾಪ್‌ಟಾಪಿನ ವಿಳಾಸ) 10.20.30.45ಕ್ಕೆ (ಆಫೀಸಿನ ಕಂಪ್ಯೂಟರಿನದು) 3389 ಮಾತ್ರ ಬಿಡು, ಟಿಸಿಪಿ ಮತ್ತು ಯುಡಿಪಿ ಎರಡೂ; ಟನೆಲ್‌ನಿಂದ ಬರುವ ಉಳಿದದ್ದೆಲ್ಲ ಬೀಳಿಸು. ನಾನು ಬರೆಯುವ ರೂಲ್ ಇಷ್ಟೇ. ಒಳಗಿನ ವಿಳಾಸ ಬದಲಾಗದಂತೆ ಡಿಎಚ್‌ಸಿಪಿಯಲ್ಲಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಕಾಯ್ದಿರಿಸಿ.

ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಅಥವಾ ಅದಕ್ಕಿಂತ ಮೇಲಿನದು ಬೇಕು, ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮಾಡಲು ಬರುವುದಿಲ್ಲ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ (ಡೆಸ್ಕ್‌ಟಾಪ್ ತೆರೆಯುವ ಮೊದಲೇ ಲಾಗಿನ್ ಕೇಳುವ ಸೌಲಭ್ಯ) ಆನ್ ಇರಲಿ. ಅಡ್ಮಿನ್ ಅಲ್ಲದ ಖಾತೆ ಕೊಡಿ, ಅದನ್ನು ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿಗೆ ಸೇರಿಸಿ. ಸ್ಲೀಪ್ ಆಫ್ ಮಾಡಿ. ಡ್ರೈವ್ ಹಂಚಿಕೆ ಬೇಡದಿದ್ದರೆ ಅದನ್ನೂ ಮುಚ್ಚಿ.

ಕಂಪನಿ ಎರಡು ಹಂತದ ಲಾಗಿನ್ ಕೇಳಿದರೆ ವೈರ್‌ಗಾರ್ಡ್ ಒಂದರಿಂದಲೇ ಆಗದು. 443 ಪೋರ್ಟಿನಲ್ಲಿ ಕೂರುವ ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇಗೆ (ಹೊರಗಿನ ಸಂಪರ್ಕವನ್ನು ಒಳಗೆ ದಾಟಿಸುವ ಸರ್ವರ್) ಒಟಿಪಿ ಜೋಡಿಸುವುದು ಇನ್ನೊಂದು ದಾರಿ. ಆದರೆ ಅದರ ಪ್ಯಾಚ್‌ಗಳನ್ನು ತಪ್ಪದೇ ಹಾಕುವವರು ಬೇಕು.

ಪರೀಕ್ಷೆಯನ್ನು ಆಫೀಸಿನ ವೈಫೈಯಲ್ಲಿ ಮಾಡಬೇಡಿ, ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಮಾಡಿ. ವೈರ್‌ಗಾರ್ಡ್ ‘ಆ್ಯಕ್ಟಿವ್’ ಅಂದಾಕ್ಷಣ ನಂಬಬೇಡಿ, ಆ ಕಡೆ ಸರ್ವರ್ ಸತ್ತಿದ್ದರೂ ಹಾಗೇ ತೋರಿಸುತ್ತದೆ. ‘ಲೇಟೆಸ್ಟ್ ಹ್ಯಾಂಡ್‌ಶೇಕ್’ (ಎರಡೂ ಕಡೆ ಕೊನೆಯ ಸಲ ಕೈಕುಲುಕಿದ ಸಮಯ) ಸಾಲು ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಕೀ ಅಥವಾ 51820 ನೋಡಿ. ಬಂದಿದ್ದೂ ಡೆಸ್ಕ್‌ಟಾಪ್ ತೆರೆಯದಿದ್ದರೆ ಮೇಲೆ ಹೇಳಿದ ರೂಲ್ ನೋಡಿ. ಅದೂ ಸರಿಯಿದ್ದರೆ, ಮನೆಯಲ್ಲೂ ಆಫೀಸಿನಲ್ಲೂ ಒಂದೇ 192.168.1 ಸಾಲಿನ ವಿಳಾಸಗಳಿವೆಯಾ ಅಂತ ನೋಡಿ. ಹಾಗಿದ್ದರೆ ವಿಳಾಸ ಯಾವ ಕಡೆಯದು ಅಂತ ಗೊಂದಲವಾಗುತ್ತದೆ, ಯಾವ ಕಡೆಯದು ಬದಲಿಸಲು ಸುಲಭವೋ ಅದನ್ನು ಬದಲಿಸಿ.